ಸಂಸ್ಥೆಗಳ ವಠಾರ: ಒಂದೇ ಸೂರಿನಡಿ ಹಸಿರು ಕಚೇರಿಗಳು

(ಸಂಘದ ಅತಿಥಿ ಉಪನ್ಯಾಸ ಮಾಲೆಯಲ್ಲಿ ಈಸ್ಟ್ ಹ್ಯಾಮಿನಲ್ಲಿ ನೀಡಿದ ಉಪನ್ಯಾಸದ ಪಾಠ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳ ಮಾತು ಬರುವುದು ವಾಡಿಕೆ. ಇಂದು ನಾವು ಆರಿಸಿಕೊಂಡಿರುವ ವಿಷಯ ಬೇರೆ. ಪರಿಸರಕ್ಕಾಗಿ ದುಡಿಯುವ ಸಣ್ಣ ಸಣ್ಣ ಸೇವಾ ಸಂಸ್ಥೆಗಳು ಒಂದೇ ಕಟ್ಟಡದಲ್ಲಿ ಕೂಡಿ ಕಚೇರಿ ಹೂಡುವುದು ಮತ್ತು ಆ ಕಟ್ಟಡವನ್ನೇ ಪರಿಸರಕ್ಕೆ ಹೊರೆಯಾಗದಂತೆ ಅಣಿಗೊಳಿಸುವುದು ಇಂದಿನ ವಿಷಯ. ಇದಕ್ಕೂ ನಮಗೂ ಏನು ಸಂಬಂಧವೆಂಬ ಪ್ರಶ್ನೆ ತಮ್ಮಲ್ಲಿ ಏಳುವುದು ಸಹಜ. ಸಂಬಂಧ ಎರಡು ಬಗೆಯದು. ಮೊದಲನೆಯದು ನಾವೆಲ್ಲರೂ ಇಲ್ಲಿ ಉಸಿರಾಡುವ ಗಾಳಿಯದು. ಎರಡನೆಯದು, ಪರದೇಶದಲ್ಲಿ ನೆಲೆಸಿದ ಕನ್ನಡಿಗರು ಮತ್ತೆ ಮತ್ತೆ ಕಾಣುವ ಸ್ವಂತ ಕನ್ನಡ ಭವನದ ಕನಸಿನದು. ಆ ಎರಡನೆಯದನ್ನು ಕೊನೆಗೆ ಎತ್ತಿಕೊಳ್ಳುತ್ತೇವೆ.

ಮೊದಲು ಗಾಳಿಯ ಮಾತು. 1952ರ ಡಿಸೆಂಬರಿನಲ್ಲಿ ಕಲ್ಲಿದ್ದಲಿನ ಹೊಗೆಯೂ ಮಂಜೂ ಬೆರೆತು ಲಂಡನ್ನನ್ನು ಐದು ದಿನ ಕವಿದುಕೊಂಡಿದ್ದವು. ಅದರಿಂದ ಸತ್ತವರು ಸುಮಾರು 4,000 ಮಂದಿ ಎಂದು ಅಂದು ಅಂದಾಜು ಮಾಡಿದ್ದರು. ನಂತರದ ಅಧ್ಯಯನಗಳು ಈ ಸಂಖ್ಯೆಯನ್ನು 12,000ದವರೆಗೂ ಒಯ್ದಿವೆ. ಆ ದುರಂತದ ಫಲವಾಗಿ 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ಕಣ್ಣಿಗೆ ಕಾಣುವ ಹೊಗೆ ಕಡಿಮೆಯಾಯಿತು, ಕಾಣದ ವಿಷ ಉಳಿಯಿತು. 2013ರಲ್ಲಿ ಲೂಯಿಷಮ್ ಪ್ರದೇಶದ ಎಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಬಾಲಕಿ ತೀವ್ರ ಅಸ್ತಮಾದಿಂದ ತೀರಿಕೊಂಡಳು. ಆಕೆಯ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ಮರಣ ವಿಚಾರಣಾಧಿಕಾರಿಯಿಂದ ದಾಖಲಾದದ್ದು 2020ರ ಡಿಸೆಂಬರಿನಲ್ಲಿ. ಈ ದೇಶದಲ್ಲಿ ಅಂಥ ತೀರ್ಪು ಅದೇ ಮೊದಲು. ಈ ನಡುವಿನ ಏಳು ವರ್ಷಗಳ ಹೋರಾಟದಲ್ಲಿ ತಾಯಿಯ ಛಲವಿತ್ತು, ಪ್ರೊಫೆಸರ್ ಸ್ಟೀಫನ್ ಹೋಲ್ಗೇಟ್ ಅವರ ವೈಜ್ಞಾನಿಕ ವರದಿಯಿತ್ತು, ಗಾಳಿಯನ್ನು ವರ್ಷಗಟ್ಟಲೆ ಅಳೆದಿಟ್ಟ ದಾಖಲೆಗಳಿದ್ದವು. ವೈದ್ಯರಾದ ನಾವು ಇನ್‌ಹೇಲರ್ ಬರೆದುಕೊಡಬಲ್ಲೆವು. ಬೀದಿಯ ಗಾಳಿಗೆ ಔಷಧ ಬರೆಯಲಾರೆವು. ಆ ಕೆಲಸಕ್ಕೆ ಅಳೆಯುವವರು, ಬರೆಯುವವರು, ನ್ಯಾಯಾಲಯದ ಮೆಟ್ಟಿಲು ಹತ್ತುವವರು ಬೇಕು. ಅವರಿಗೆ ಕುಳಿತು ಕೆಲಸ ಮಾಡಲು ಒಂದು ಮೇಜು, ಒಂದು ಕೋಣೆ ಬೇಕು. ಇಂದಿನ ವಿಷಯ ಹುಟ್ಟುವುದು ಆ ಮೇಜಿನ ಬಳಿ.

ಸಣ್ಣ ಸೇವಾ ಸಂಸ್ಥೆಯೊಂದರ ಜಮಾಖರ್ಚನ್ನು ಯಾರಾದರೂ ಬಿಡಿಸಿ ನೋಡಲಿ. ಸಂಬಳವನ್ನು ಬಿಟ್ಟರೆ ಎದ್ದು ಕಾಣುವುದು ಬಾಡಿಗೆ, ಕಾಯಿಸುವ ಖರ್ಚು, ವಿಮೆ, ದುರಸ್ತಿ. ಇಂಗ್ಲೆಂಡಿನಲ್ಲಿ ನೋಂದಾಯಿತ ಧರ್ಮಸಂಸ್ಥೆಗೆ ಕಟ್ಟಡದ ಮೇಲಿನ ವ್ಯಾಪಾರ ತೆರಿಗೆಯಲ್ಲಿ ನೂರಕ್ಕೆ 80 ಪಾಲು ರಿಯಾಯಿತಿಯುಂಟು. ಬಾಡಿಗೆಗೆ ಅಂಥ ರಿಯಾಯಿತಿ ಇಲ್ಲ. ಕರಾರಿನ ಅವಧಿ ಮುಗಿದೊಡನೆ ಗಂಟುಮೂಟೆ ಕಟ್ಟಬೇಕಾದ ಸಂಸ್ಥೆ ಹತ್ತು ವರ್ಷದ ಯೋಜನೆ ಹಾಕುವುದಾದರೂ ಹೇಗೆ? ವಾರಕ್ಕೊಮ್ಮೆ ಬೇಕಾಗುವ ಸಭಾಂಗಣಕ್ಕೆ, ದಿನಕ್ಕೆ ಹತ್ತು ಹಾಳೆ ಅಚ್ಚು ಹಾಕುವ ಯಂತ್ರಕ್ಕೆ ಪ್ರತಿಯೊಂದು ಸಂಸ್ಥೆಯೂ ಪ್ರತ್ಯೇಕವಾಗಿ ಹಣ ತೆರುವುದು ವಿವೇಕವಲ್ಲ.

ಇದಕ್ಕೆ ಪರಿಹಾರವನ್ನು ನಮ್ಮ ಹಿರಿಯರು ಬೇರೊಂದು ಸಂದರ್ಭದಲ್ಲಿ ಕಂಡುಕೊಂಡಿದ್ದರು. ಹಳೆಯ ಬೆಂಗಳೂರಿನ ಮಲ್ಲೇಶ್ವರ, ಚಾಮರಾಜಪೇಟೆ, ಬಸವನಗುಡಿಗಳಲ್ಲಿ, ಮೈಸೂರಿನ ಅಗ್ರಹಾರಗಳಲ್ಲಿ ಬಾಳಿದವರಿಗೆ ವಠಾರವೆಂದರೆ ಏನೆಂದು ಹೇಳಬೇಕಾಗಿಲ್ಲ. ಒಂದು ಹೆಬ್ಬಾಗಿಲು, ಒಂದು ಅಂಗಳ, ಒಂದು ಬಾವಿ ಅಥವಾ ನಲ್ಲಿ, ಅದರ ಸುತ್ತ ನಾಲ್ಕಾರು ಸಂಸಾರಗಳು. ಪ್ರತಿಯೊಬ್ಬರಿಗೂ ತಮ್ಮದೇ ಒಲೆ, ತಮ್ಮದೇ ಬಾಗಿಲು. ಬಾವಿ ಮಾತ್ರ ಎಲ್ಲರದು. ಬಾಡಿಗೆ ಎಟುಕುವಷ್ಟಿತ್ತು. ನಲ್ಲಿಯ ಬಳಿ ಜಗಳವಿತ್ತು. ಒಬ್ಬರ ಮನೆಯಲ್ಲಿ ಜ್ವರ ಬಂದರೆ ಪಕ್ಕದ ಮನೆಯಿಂದ ಸಾರು ಬರುತ್ತಿತ್ತು. ಹಂಚಿಕೊಂಡ ಹಸಿರು ಕಚೇರಿಯೆಂದರೆ ಸಂಸ್ಥೆಗಳ ವಠಾರವೇ. ಯಾವುದನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು, ಯಾವುದನ್ನು ಕೂಡಿ ಬಳಸಬೇಕು ಎಂಬ ವಿಂಗಡಣೆಯೇ ಅದರ ಜೀವಾಳ.

ಇದು ಬರಿಯ ಕಲ್ಪನೆಯಲ್ಲ. ಈ ದೇಶದಲ್ಲಿ 1998ರಲ್ಲಿ ಎಥಿಕಲ್ ಪ್ರಾಪರ್ಟಿ ಕಂಪನಿ ಎಂಬ ಸಂಸ್ಥೆ ಹುಟ್ಟಿತು. ಜೇಮೀ ಹಾರ್ಟ್‌ಸೆಲ್ ಮತ್ತು ಆಂಡ್ರೂ ಕಿಂಗ್ ಅದರ ಸ್ಥಾಪಕರು. ಸಮಾಜಕ್ಕೂ ಪರಿಸರಕ್ಕೂ ದುಡಿಯುವ ಸಂಸ್ಥೆಗಳಿಗೆಂದೇ ಕಟ್ಟಡಗಳನ್ನು ಕೊಂಡು, ಹಸನುಗೊಳಿಸಿ, ಬಾಡಿಗೆಗೆ ಕೊಡುವುದು ಅದರ ಉದ್ದೇಶವಾಗಿತ್ತು. ಬಂಡವಾಳ ಬಂದದ್ದು ಹೆಚ್ಚಾಗಿ ಸಾಮಾನ್ಯ ಜನರು ಕೊಂಡ ಷೇರುಗಳಿಂದ. ಮಿತವಾದ ಲಾಭಾಂಶ ಸಾಕು, ಹಣ ಒಳ್ಳೆಯ ಕೆಲಸಕ್ಕೆ ಬಳಕೆಯಾಗಲಿ ಎಂದವರು ಅವರು. ಲಂಡನ್ನಿನ ಲೆನರ್ಡ್ ಸ್ಟ್ರೀಟಿನಲ್ಲಿ ಈ ಕಂಪನಿ ನಡೆಸಿದ ಡೆವಲಪ್‌ಮೆಂಟ್ ಹೌಸಿನಲ್ಲಿ ವಾರ್ ಆನ್ ವಾಂಟ್, ವುಮನ್‌ಕೈಂಡ್ ವರ್ಲ್ಡ್‌ವೈಡ್ ಮುಂತಾದ ಸಂಸ್ಥೆಗಳು ನೆರೆಹೊರೆಯಾಗಿದ್ದವು. ಬ್ರಸೆಲ್ಸ್ ನಗರದಲ್ಲಿ ಇದೇ ಮಾದರಿಯ ಮುಂಡೋ-ಬಿ ಎಂಬ ಕಟ್ಟಡ 2009ರಲ್ಲಿ ತೆರೆಯಿತು. ಹಳೆಯ ಕಟ್ಟಡವನ್ನೇ ನವೀಕರಿಸಿದ ಅಲ್ಲಿಗೆ ಫ್ರೆಂಡ್ಸ್ ಆಫ್ ದಿ ಅರ್ತ್ ಯುರೋಪ್ ಮೊದಲಾದ ಪರಿಸರ ಸಂಸ್ಥೆಗಳು ಬಂದು ಸೇರಿದವು. ಇಲ್ಲಿ ಕಲಿಯಬೇಕಾದ ಪಾಠ ಒಂದುಂಟು. ವಠಾರದ ಯೋಗಕ್ಷೇಮ ಕೊನೆಗೂ ಮಾಲೀಕರ ಮನಸ್ಸಿನ ಮೇಲೆ ನಿಂತಿದೆ. ಬಾಡಿಗೆ ಏರಿಸುವುದೇ ಗುರಿಯಾದ ಮಾಲೀಕರಿಂದ ಛಾವಣಿಯ ಮೇಲೆ ಎಷ್ಟು ಸೌರ ಫಲಕಗಳಿದ್ದರೂ ಸಣ್ಣ ಸಂಸ್ಥೆಗೆ ನೆಮ್ಮದಿಯಿಲ್ಲ.

ಇನ್ನೊಂದು ನಿದರ್ಶನ ನಮ್ಮಿಂದ ರೈಲಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ಕೇಂಬ್ರಿಜ್ ನಗರದ್ದು. ಅಲ್ಲಿ 1971ರಲ್ಲಿ ಮುಗಿದ ಕಾಂಕ್ರೀಟ್ ಕಟ್ಟಡವೊಂದನ್ನು ಕೆಡವದೆ ನವೀಕರಿಸಿ ಡೇವಿಡ್ ಅಟೆನ್‌ಬರೋ ಕಟ್ಟಡವೆಂದು ಹೆಸರಿಟ್ಟರು. ವಿಶ್ವವಿದ್ಯಾಲಯದ ಜೊತೆಗೆ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್, ಫಾನಾ ಅಂಡ್ ಫ್ಲೋರಾ, ಟ್ರಾಫಿಕ್ ಮುಂತಾದ ಜೀವಸಂರಕ್ಷಣಾ ಸಂಸ್ಥೆಗಳು ಅಲ್ಲಿ ಒಂದೇ ಸೂರಿನಡಿ ಸೇರಿದವು. ಕಟ್ಟಡದೊಳಗೆ ಸುಮಾರು 13 ಮೀಟರ್ ಎತ್ತರದ ಜೀವಂತ ಸಸ್ಯಗಳ ಗೋಡೆಯಿದೆ. 2016ರಲ್ಲಿ, ತೊಂಬತ್ತರ ಹೊಸ್ತಿಲಲ್ಲಿದ್ದ ಅಟೆನ್‌ಬರೋ ಅವರು ಹಗ್ಗ ಹಿಡಿದು ಆ ಗೋಡೆಯ ಮೇಲಿನಿಂದ ಇಳಿದರು. ಪತ್ರಿಕೆಗಳಿಗೆ ಬೇಕಾದದ್ದು ಆ ಚಿತ್ರ. ನಮ್ಮ ಗಮನ ಸೆಳೆದದ್ದು ಅಲ್ಲಿನ ಮೆಟ್ಟಿಲು ಮತ್ತು ಎಲ್ಲರೂ ಕೂಡುವ ಸಾಮಾನ್ಯ ಕೊಠಡಿ. ಪಕ್ಷಿಗಳನ್ನು ಎಣಿಸುವವರೂ ವನ್ಯಜೀವಿಗಳ ವ್ಯಾಪಾರದ ಮೇಲೆ ಕಣ್ಣಿಡುವವರೂ ದಿನವೂ ಎದುರುಬದುರಾಗಲಿ ಎಂಬುದೇ ಆ ಏರ್ಪಾಡಿನ ಆಶಯ. ಆಸ್ಪತ್ರೆಯಲ್ಲಿ ದುಡಿದವರಿಗೆ ಇದರ ಬೆಲೆ ಗೊತ್ತು. ಪತ್ರ ಬರೆದು ಮೂರು ವಾರ ಕಾದರೂ ಸಿಗದ ಉತ್ತರ ಕ್ಯಾಂಟೀನಿನ ಸರದಿಯಲ್ಲಿ ಮೂರು ನಿಮಿಷದಲ್ಲಿ ಸಿಗುವುದುಂಟು.

ಆಸ್ಪತ್ರೆಯೆಂದ ಮೇಲೆ ಅಟ್ಲಾಂಟಿಕ್ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಲೇಬೇಕು. ಅಲ್ಲಿನ ಪ್ರೆಸಿಡಿಯೋ ಎಂಬ ಸೇನಾನೆಲೆಯಲ್ಲಿ 1899ರಿಂದ ಕಟ್ಟುತ್ತ ಬಂದ ಲೆಟರ್‌ಮನ್ ಸೈನಿಕ ಆಸ್ಪತ್ರೆಯಿತ್ತು. 1994ರಲ್ಲಿ ಸೈನ್ಯ ತೆರಳಿ ಆ ಜಾಗ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಖಾಲಿ ಬಿದ್ದ ವಾರ್ಡುಗಳನ್ನು ನವೀಕರಿಸಿ, 1996ರಲ್ಲಿ ಥೋರೋ ಸೆಂಟರ್ ಎಂಬ ಹೆಸರಿನಲ್ಲಿ ಸೇವಾ ಸಂಸ್ಥೆಗಳ ಹಸಿರು ಕಚೇರಿ ಸಮುಚ್ಚಯವನ್ನಾಗಿ ಮಾಡಿದರು. ಆಸ್ಪತ್ರೆಯ ವಾರ್ಡು ಒಳ್ಳೆಯ ಕಚೇರಿಯಾದದ್ದು ಆಕಸ್ಮಿಕವಲ್ಲ. ಫ್ಲಾರೆನ್ಸ್ ನೈಟಿಂಗೇಲರು ಒತ್ತಿ ಹೇಳಿದ ಪದ್ಧತಿಯಂತೆ ಆ ಕಾಲದ ವಾರ್ಡುಗಳು ಉದ್ದವಾಗಿ, ಕಿರಿದಾಗಿ, ಎರಡೂ ಕಡೆ ಎತ್ತರದ ಕಿಟಕಿಗಳಿಂದ ಕೂಡಿರುತ್ತಿದ್ದವು. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಓದುವಾಗ ನಾವು ಸುತ್ತಾಡಿದ ಹಳೆಯ ವಾರ್ಡುಗಳೂ ಹಾಗೆಯೇ ಇದ್ದವು. ರೋಗಿಗೆ ಬೇಕಾದ ಗಾಳಿ ಬೆಳಕೇ ಗುಮಾಸ್ತರಿಗೂ ಬೇಕು.

ನಮ್ಮ ನಾಡಿನ ಉದಾಹರಣೆ ಬೆಂಗಳೂರಿನ ದೊಮ್ಮಲೂರಿನಲ್ಲಿದೆ. ಶಕ್ತಿ ಮತ್ತು ಪರಿಸರ ಸಂಶೋಧನೆಯ ಟೆರಿ ಸಂಸ್ಥೆಯ ಕಚೇರಿಯನ್ನು ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸಗೊಳಿಸಿದರು. ನಿವೇಶನದ ದಕ್ಷಿಣಕ್ಕೆ ದುರ್ನಾತದ ಮೋರಿ ಹರಿಯುತ್ತಿತ್ತು. ಗಾಳಿ ಬೀಸುತ್ತಿದ್ದುದೂ ಆ ದಿಕ್ಕಿನಿಂದಲೇ. ಕಿಟಕಿ ಮುಚ್ಚಿ ಹವಾನಿಯಂತ್ರಣ ಯಂತ್ರ ಹೂಡುವುದು ಸುಲಭದ ದಾರಿಯಾಗಿತ್ತು. ಅವರು ಕಟ್ಟಡದ ಬೆನ್ನನ್ನು ಮೋರಿಯ ಕಡೆಗೆ ತಿರುಗಿಸಿ, ದಕ್ಷಿಣಕ್ಕೆ ಕಪ್ಪು ಕಡಪ ಕಲ್ಲಿನ ಜೋಡಿ ಗೋಡೆ ಎಬ್ಬಿಸಿದರು. ಬಿಸಿಲಿಗೆ ಕಲ್ಲು ಕಾದಾಗ ಗೋಡೆಗಳ ನಡುವಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಆ ಸೆಳೆತಕ್ಕೆ ಉತ್ತರದ ಕಡೆಯ ತಾಜಾ ಗಾಳಿ ಕೊಠಡಿಗಳ ಮೂಲಕ ಹಾದುಬರುತ್ತದೆ. ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಕೂಡ 2019ರಲ್ಲಿ ಸ್ವಂತ ಕಟ್ಟಡಕ್ಕೆ ಹೋಗುವ ಮುನ್ನ ಈ ಆವರಣದಲ್ಲೇ ಸಭೆಗಳನ್ನು ನಡೆಸಿತು. ತೊಂದರೆಯನ್ನು ಮೊದಲು ಸರಿಯಾಗಿ ಗುರುತಿಸಿ, ಆಮೇಲೆ ಕಟ್ಟಿದ್ದಕ್ಕೆ ಇದು ನಿದರ್ಶನ. ವೈದ್ಯಶಾಸ್ತ್ರದಲ್ಲಿ ಇದನ್ನು ರೋಗನಿದಾನವೆನ್ನುತ್ತಾರೆ.

ಹಾಗಾದರೆ ಕಟ್ಟಡ ಹಸಿರಾಗುವುದು ಯಾವುದರಿಂದ? ಚಿಕಿತ್ಸೆಗೆ ಇರುವಂತೆ ಇದಕ್ಕೂ ಒಂದು ಕ್ರಮವುಂಟು. ಮೊಟ್ಟಮೊದಲಿಗೆ, ಇರುವ ಕಟ್ಟಡವನ್ನು ಉಳಿಸಿಕೊಳ್ಳುವುದು. ಜಗತ್ತಿನ ಇಂಗಾಲಾಮ್ಲದ ಉತ್ಪತ್ತಿಯಲ್ಲಿ ನೂರಕ್ಕೆ 7-8 ಪಾಲು ಸಿಮೆಂಟಿನ ತಯಾರಿಕೆಯಿಂದಲೇ ಬರುತ್ತದೆ. ಎದ್ದು ನಿಂತ ಗೋಡೆಯ ಇಂಗಾಲದ ಸಾಲ ಆಗಲೇ ತೀರಿಹೋಗಿದೆ. ಅದನ್ನು ಕೆಡವಿ ಹೊಸದನ್ನು ಕಟ್ಟಿದರೆ ಹೊಸ ಸಾಲ. ಎರಡನೆಯದಾಗಿ, ಒಂದು ವರ್ಷದ ವಿದ್ಯುತ್ತು, ಅನಿಲ, ನೀರಿನ ಲೆಕ್ಕ ತೆಗೆಯುವುದು. ಮೂರನೆಯದಾಗಿ, ಛಾವಣಿಗೂ ಗೋಡೆಗೂ ಶಾಖ ಸೋರದಂತೆ ಹೊದಿಕೆ ಕೊಟ್ಟು, ಕಿಟಕಿ ಬಾಗಿಲುಗಳ ಬಿರುಕು ಮುಚ್ಚುವುದು. ಅದಾದ ಮೇಲೆ ಕಾಯಿಸುವ ಯಂತ್ರದ ಮಾತು. ಒಳ್ಳೆಯ ಹೀಟ್ ಪಂಪ್ ಒಂದು ಪಾಲು ವಿದ್ಯುತ್ತಿಗೆ ಸುಮಾರು ಮೂರು ಪಾಲು ಶಾಖ ಕೊಡುತ್ತದೆ. ಸೋರುವ ಕಟ್ಟಡದಲ್ಲಿ ಅದು ತೂತು ಬಿಂದಿಗೆಗೆ ನೀರು ಸುರಿದಂತೆ. ಸೌರ ಫಲಕದ ಸರದಿ ಕೊನೆಯದು. ಹೊರಗಿನಿಂದ ಕಾಣುತ್ತದೆಂಬ ಕಾರಣಕ್ಕೆ ಹಲವರು ಅದರಿಂದಲೇ ಆರಂಭಿಸುತ್ತಾರೆ.

ಗಾಳಿಯ ಬಗ್ಗೆ ವೈದ್ಯರಾಗಿ ಒಂದು ಎಚ್ಚರಿಕೆ. 1970ರ ದಶಕದ ತೈಲ ಬಿಕ್ಕಟ್ಟಿನ ತರುವಾಯ ಶಕ್ತಿಯನ್ನು ಉಳಿಸಲೆಂದು ಕಚೇರಿಗಳನ್ನು ಭದ್ರವಾಗಿ ಮುಚ್ಚಿದರು. ತಲೆನೋವು, ಕಣ್ಣುರಿ, ಆಯಾಸಗಳಿಂದ ನೌಕರರು ನರಳತೊಡಗಿದಾಗ ಅದಕ್ಕೆ ರೋಗಗ್ರಸ್ತ ಕಟ್ಟಡವೆಂಬ ಹೆಸರೇ ಬಂತು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗದಷ್ಟಿದೆ. ಸಭಾಂಗಣದಲ್ಲಿ ಅದು 1,000 ದಾಟಿದರೆ ಗಾಳಿ ಸಾಲುತ್ತಿಲ್ಲವೆಂದು ತಿಳಿಯಬೇಕು. ಹಾರ್ವರ್ಡಿನ ಸಂಶೋಧಕರು 24 ಮಂದಿ ನೌಕರರ ಮೇಲೆ ನಡೆಸಿ 2015ರಲ್ಲಿ ಹೊರತಂದ ಅಧ್ಯಯನದಲ್ಲಿ, ಗಾಳಿಯ ಗುಣ ಉತ್ತಮವಾಗಿದ್ದ ದಿನಗಳಂದು ಅವರ ನಿರ್ಣಯಶಕ್ತಿಯ ಅಂಕಗಳು ಗಣನೀಯವಾಗಿ ಏರಿದ್ದವು. ಅಧ್ಯಯನ ಚಿಕ್ಕದು, ಅದರ ದಿಕ್ಕು ಮಾತ್ರ ಸ್ಪಷ್ಟ. ಶಾಖವನ್ನು ಉಳಿಸುವ ಭರದಲ್ಲಿ ಉಸಿರು ಕಟ್ಟಿಸುವ ಕಟ್ಟಡ ಹಸಿರು ಕಟ್ಟಡವಲ್ಲ.

ಇಷ್ಟಾದರೂ ವಠಾರದ ಕಷ್ಟಗಳನ್ನು ಮರೆಮಾಚಬಾರದು. ಸಭಾಂಗಣ ಯಾರಿಗೆ ಯಾವಾಗ, ಅಡುಗೆಮನೆಯ ಲೋಟ ತೊಳೆಯುವವರು ಯಾರು, ಒಂದು ಕೋಣೆ ಆರು ತಿಂಗಳು ಖಾಲಿ ಉಳಿದರೆ ನಷ್ಟ ಯಾರ ಪಾಲಿಗೆ? ಇವೆಲ್ಲವನ್ನೂ ಸೇರುವ ಮೊದಲೇ ಬರೆದಿಡಬೇಕು. ದೊಡ್ಡ ಸಂಸ್ಥೆಗೆ ಹೆಚ್ಚು ಜಾಗವಿರಲಿ. ಆಡಳಿತದಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಒಂದೊಂದೇ ಮತವಿರಲಿ. 2020ರ ಕೋವಿಡ್ ಪಿಡುಗಿನ ಬಳಿಕ ಮನೆಯಿಂದಲೇ ದುಡಿಯುವವರು ಹೆಚ್ಚಿದ್ದಾರೆ, ಕಚೇರಿ ಇನ್ನೇಕೆ ಎಂದು ಕೇಳುವವರೂ ಉಂಟು. ಅದೇ ಕಾರಣಕ್ಕೆ ಹಂಚಿಕೆ ಇನ್ನೂ ಸಾಧುವಾಗಿದೆ. ವಾರಕ್ಕೆ ಎರಡು ದಿನ ಮಾತ್ರ ಮೇಜು ಬೇಕಾದವರು ಐದು ದಿನದ ಬಾಡಿಗೆ ಏಕೆ ಕೊಡಬೇಕು?

ಈಗ ನಮ್ಮ ಈಸ್ಟ್ ಹ್ಯಾಮಿಗೆ, ನಮ್ಮ ಕನಸಿಗೆ ಬರೋಣ. ಬಾರ್ಕಿಂಗ್ ರೋಡಿನ ಕೆಂಪು ಇಟ್ಟಿಗೆಯ ಪುರಭವನವನ್ನು ತಾವು ದಿನವೂ ನೋಡುತ್ತೀರಿ. 1903ರಲ್ಲಿ ಅದು ತೆರೆದಾಗ ಈಸ್ಟ್ ಹ್ಯಾಮ್ ತನ್ನದೇ ಆಡಳಿತವುಳ್ಳ ಊರು. ವೆಸ್ಟ್ ಹ್ಯಾಮಿನೊಡನೆ ಕೂಡಿ ನ್ಯೂಹ್ಯಾಮ್ ಆದದ್ದು 1965ರಲ್ಲಿ. ಆ ಊರು ಹಾಳಾಗಲಿಲ್ಲ, ಆ ಕಟ್ಟಡವೂ ಬೀಳಲಿಲ್ಲ. ನಮ್ಮದೇ ನ್ಯೂಹ್ಯಾಮಿನ ರಾಯಲ್ ವಿಕ್ಟೋರಿಯಾ ಡಾಕಿನಲ್ಲಿ ಸೀಮೆನ್ಸ್ ಕಂಪನಿ 2012ರಲ್ಲಿ ತೆರೆದ ಕ್ರಿಸ್ಟಲ್ ಎಂಬ ಹಸಿರು ಕಟ್ಟಡ ಮೊದಲು ವಸ್ತುಪ್ರದರ್ಶನಕ್ಕಿತ್ತು. 2022ರಲ್ಲಿ ಅದು ಲಂಡನ್ ನಗರಾಡಳಿತದ ಸಿಟಿ ಹಾಲ್ ಆಯಿತು. ಕಟ್ಟಿದವರ ಉದ್ದೇಶ ಮುಗಿದ ಮೇಲೂ ಕಟ್ಟಡ ಬಾಳುತ್ತದೆ. ಆದುದರಿಂದ ಒಂದು ಕಟ್ಟಡವನ್ನು ಕೈಗೆತ್ತಿಕೊಳ್ಳುವಾಗ ನಮ್ಮ ಬಳಕೆಯೊಂದನ್ನೇ ಲೆಕ್ಕಿಸಬಾರದು.

ಸ್ವಂತ ಭವನವೆಂದರೆ ಯುಗಾದಿ, ರಾಜ್ಯೋತ್ಸವ, ಶನಿವಾರದ ಕನ್ನಡ ತರಗತಿ, ಭಾನುವಾರದ ಸಂಗೀತ. ಉಳಿದ ದಿನಗಳಲ್ಲಿ ಬಾಗಿಲಿಗೆ ಬೀಗ. ಕಚೇರಿಯ ಸ್ಥಿತಿ ಇದಕ್ಕೆ ತದ್ವಿರುದ್ಧ. ವಾರಕ್ಕೆ 168 ಗಂಟೆಗಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಐದು ದಿನ ನಡೆಯುವ ಕಚೇರಿ ಬಳಸುವುದು 40 ಗಂಟೆ ಮಾತ್ರ. 128 ಗಂಟೆ ಅದು ಖಾಲಿ. ವಾರಾಂತ್ಯದ ಎರಡು ದಿನಗಳಲ್ಲಿ ನಾವು ಹತ್ತು ಹತ್ತು ಗಂಟೆ ಸೇರಿದರೂ ಅದು 20 ಗಂಟೆ. ಇಬ್ಬರ ಗಂಟೆಗಳೂ ಒಂದರ ಮೇಲೊಂದು ಬೀಳುವುದಿಲ್ಲ. ಹೀಗಿರುವಾಗ ಎರಡು ಕಟ್ಟಡಗಳನ್ನು ಕಾಯಿಸಿ, ಎರಡರ ಸೂರನ್ನೂ ದುರಸ್ತಿ ಮಾಡುವುದೇಕೆ? ಸೋಮವಾರದಿಂದ ಶುಕ್ರವಾರದವರೆಗೆ ಪರಿಸರ ಸಂಸ್ಥೆಗಳ ವಠಾರ, ಸಂಜೆ ಮತ್ತು ವಾರಾಂತ್ಯದಲ್ಲಿ ಕನ್ನಡದ ಅಂಗಳ. ಅವರ ಬಾಡಿಗೆ ಸಾಲವನ್ನು ತೀರಿಸಲು ನೆರವಾಗುತ್ತದೆ. ನಮ್ಮ ಜನಬಲ ಕಟ್ಟಡಕ್ಕೆ ಊರಿನ ಆಸರೆ ತರುತ್ತದೆ. ಪರಿಸರದ ಮಾತು ಪರಿಣತರ ನಡುವೆಯೇ ಸುತ್ತದೆ, ಇನ್‌ಹೇಲರ್ ಹಿಡಿದು ಕನ್ನಡ ತರಗತಿಗೆ ಬರುವ ಮಗುವಿನ ತಾಯಿಯ ಕಿವಿಗೂ ಬೀಳುತ್ತದೆ.

ಕಾನೂನಿನ ಹಾದಿಯೂ ಇಲ್ಲದಿಲ್ಲ. 2014ರ ಕಾಯಿದೆಯಡಿ ಸಮುದಾಯ ಹಿತ ಸಂಘವನ್ನು ನೋಂದಾಯಿಸಿ, ಷೇರುಗಳ ಮೂಲಕ ಬಂಡವಾಳ ಕೂಡಿಸಬಹುದು. ಎಷ್ಟೇ ಷೇರಿದ್ದರೂ ಸದಸ್ಯರಿಗೆ ಒಂದೇ ಮತ. ಇನ್ನು, 2018ರಿಂದ ಹೊಸ ಕರಾರುಗಳಿಗೂ 2023ರ ಏಪ್ರಿಲ್‌ನಿಂದ ಹಳೆಯ ಕರಾರುಗಳಿಗೂ ಅನ್ವಯಿಸುವಂತೆ, ಶಕ್ತಿ ದಕ್ಷತೆಯಲ್ಲಿ ಇ ದರ್ಜೆಗಿಂತ ಕೆಳಗಿರುವ ವಾಣಿಜ್ಯ ಕಟ್ಟಡಗಳನ್ನು ಕೆಲವು ವಿನಾಯಿತಿಗಳ ಹೊರತು ಬಾಡಿಗೆಗೆ ಕೊಡುವಂತಿಲ್ಲ. ಹಸನುಗೊಳಿಸುವ ಹೊರೆ ಬೇಡವೆನ್ನುವ ಮಾಲೀಕರು ಅಂಥ ಕಟ್ಟಡಗಳನ್ನು ಮಾರಲು ಮುಂದಾಗಬಹುದು. ಅಲ್ಲಿ ನಮಗೆ ಅವಕಾಶವೂ ಉಂಟು, ಅಪಾಯವೂ ಉಂಟು. ಅಗ್ಗವಾಗಿ ಸಿಕ್ಕಿತೆಂದು ಲೆಕ್ಕ ನೋಡದೆ ಕೊಂಡರೆ ದುರಸ್ತಿಯೇ ನಮ್ಮನ್ನು ನುಂಗೀತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಹಳೆಯ ಮನೆ ಕೊಂಡು ನೋಡು ಎಂಬುದನ್ನೂ ಸೇರಿಸಬೇಕಿತ್ತು.

ಆದುದರಿಂದ ತಮ್ಮ ಮುಂದೆ ಮೂರು ಸಲಹೆಗಳನ್ನಿಟ್ಟು ಮುಗಿಸುತ್ತೇವೆ. ಭವನಕ್ಕೆಂದು ನಿಧಿ ಕೂಡಿಸುವ ನಿರ್ಣಯ ಮಾಡುವಾಗ, ವಾರದ ದಿನಗಳಲ್ಲಿ ಅದು ಯಾರಿಗೆ ತೆರೆದಿರುತ್ತದೆ ಎಂಬುದನ್ನು ಅದೇ ನಿರ್ಣಯದಲ್ಲಿ ಬರೆಯಿರಿ. ನ್ಯೂಹ್ಯಾಮಿನಲ್ಲಿ ಗಾಳಿ, ನೀರು, ಮರಗಳಿಗಾಗಿ ದುಡಿಯುವ ಸಂಸ್ಥೆಗಳನ್ನು ಒಂದು ಸಂಜೆ ಉಪ್ಪಿಟ್ಟು ಕಾಫಿಗೆ ಕರೆದು, ಅವರಿಗೆ ಎಷ್ಟು ಮೇಜು ಬೇಕು, ಎಷ್ಟು ಬಾಡಿಗೆ ತಾಳಬಲ್ಲರು ಎಂದು ಕೇಳಿ. ಕೊನೆಯದಾಗಿ, ನಮ್ಮ ಕುಟುಂಬಗಳಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ. ನಾವು ಈಗ ಬಾಡಿಗೆಗೆ ಹಿಡಿಯುತ್ತಿರುವ ಸಭಾಂಗಣದ ಶಾಖವನ್ನೂ ಗಾಳಿಯನ್ನೂ ಒಂದು ಚಳಿಗಾಲ ಅಳೆದು ವರದಿ ಕೊಡುವಂತೆ ಅವರನ್ನು ಕೋರಿ. ಅಷ್ಟಕ್ಕೆ ದೊಡ್ಡ ನಿಧಿ ಬೇಕಿಲ್ಲ. ಆ ಮೂರು ಉತ್ತರಗಳು ಕೈಸೇರಿದ ದಿನ, ಭವನ ಬೇಕೆ ಬೇಡವೆ, ಬೇಕಾದರೆ ಯಾರೊಡನೆ ಎಂಬ ಪ್ರಶ್ನೆಯನ್ನು ಅಂಕಿಗಳನ್ನಿಟ್ಟುಕೊಂಡು ಚರ್ಚಿಸಬಹುದು.